ಏಳು ಕೆರೆ ನೀರು ಕುಡಿದ ಕಾರು

ನಮ್ಮ ಕಾರಿಗೆ ಕೆಎ-14 ನಂಬರ್, ಅಂದರೆ ಶಿವಮೊಗ್ಗದ್ದು. ಅಪ್ಪ 1996ರಲ್ಲಿ ಅದನ್ನು ಕೊಂಡಾಗ ನಮ್ಮ ನ್ಯಾಮತಿ ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿಗೆ ಸೇರಿತ್ತು. ಮರುವರ್ಷ ಆಗಸ್ಟ್ 15ಕ್ಕೆ ಹೊನ್ನಾಳಿ, ಚನ್ನಗಿರಿ ಎರಡನ್ನೂ ಶಿವಮೊಗ್ಗದಿಂದ ಬಿಡಿಸಿ ಹೊಸ ದಾವಣಗೆರೆ ಜಿಲ್ಲೆಗೆ ಕೊಟ್ಟರು. 2018ರಲ್ಲಿ ನ್ಯಾಮತಿಯನ್ನೂ ಹೊನ್ನಾಳಿಯಿಂದ ಬೇರೆ ಮಾಡಿ ತಾಲ್ಲೂಕು ಮಾಡಿದರು. ಶೆಡ್ಡಿನಿಂದ ಒಂದಡಿ ಅಲ್ಲಾಡದೆ ನಮ್ಮ ಕಾರು ಒಂದು ಜಿಲ್ಲೆ, ಒಂದು ತಾಲ್ಲೂಕು ದಾಟಿತು. ಮಧ್ಯೆ ಎಲ್ಲೂ ಕೆಟ್ಟು ನಿಲ್ಲದೆ ಅದು ಮಾಡಿದ ಪ್ರಯಾಣ ಅದೊಂದೇ ಎಂಬುದು ನಮ್ಮನೆಯವಳ ಅಂಬೋಣ.

ಅವಳ ತವರು ಜಗಳೂರು. ಹೆಣ್ಣನ್ನು ಬೇರೆ ಜಿಲ್ಲೆಗೆ ಕೊಟ್ಟುಬಿಟ್ಟೆವಲ್ಲಾ ಎಂದು ಮದುವೆಯಲ್ಲಿ ನಮ್ಮತ್ತೆ ಅತ್ತಿದ್ದೇ ಅತ್ತಿದ್ದು. ಅದೇ ಆಗಸ್ಟ್ 15ಕ್ಕೆ ಸರ್ಕಾರ ಜಗಳೂರನ್ನೂ ಚಿತ್ರದುರ್ಗದಿಂದ ತಂದು ದಾವಣಗೆರೆಗೇ ಹಾಕಿ ಆ ಅಳುವನ್ನೆಲ್ಲ ದಂಡ ಮಾಡಿತು. ತಂಗಿಯನ್ನು ಕೊಟ್ಟದ್ದು ಚನ್ನಗಿರಿಯ ಅಡಿಕೆ ತೋಟದವರ ಮನೆಗೆ. ನನ್ನ ನೌಕರಿ ಹೊನ್ನಾಳಿಯ ಹೈಸ್ಕೂಲಿನಲ್ಲಿ, ವಿಜ್ಞಾನದ ಮೇಷ್ಟ್ರು. ನಾಲ್ಕು ತಾಲ್ಲೂಕಿಗೆ ಹರಡಿಕೊಂಡ ನೆಂಟರು, ಅವರ ಮದುವೆ ಮುಂಜಿ ಗೃಹಪ್ರವೇಶ ತಿಥಿಗಳು. ಇವೆಲ್ಲಕ್ಕೂ ಸೇರಿ ಮೂರು ಸಿಲಿಂಡರಿನ ಒಂದು ಎಂಜಿನ್ನು.

ಕಾರು ಮಾರುತಿ 800. 1983ರ ಡಿಸೆಂಬರ್ 14ರಂದು ಮೊದಲ ಗಿರಾಕಿಗೆ ಇಂದಿರಾ ಗಾಂಧಿಯವರೇ ಕೀ ಕೊಟ್ಟರಲ್ಲ, ಅದೇ ಜಾತಿಯದು. 2014ರ ಜನವರಿಯಲ್ಲಿ ಅದರ ತಯಾರಿಕೆ ನಿಂತಿತು. 796 ಸಿ.ಸಿ., ಕಾರ್ಬ್ಯುರೇಟರ್, ನಾಲ್ಕು ಗೇರು. ಈ ಎಂಜಿನ್ನಿಗೆ ಕೇಡಿಲ್ಲ ಎನ್ನುವುದು ಜಗಜ್ಜನಿತ. ಅಪ್ಪ ಅದನ್ನು ಪೂರ್ತಿ ನಂಬಿದ್ದರು. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸುವುದು, ಬೆಳಿಗ್ಗೆ ನೀರು ನೋಡುವುದು, ಇಷ್ಟು ಬಿಟ್ಟರೆ ಅವರು ಬಾನೆಟ್ಟಿನ ತಂಟೆಗೆ ಹೋದವರಲ್ಲ. ಅವರ ಕಾಲದಲ್ಲಿ ಕಾರು ದಾರಿಯಲ್ಲಿ ನಿಂತದ್ದಿಲ್ಲ. ನನ್ನ ಕೈಗೆ ಬಂದ ಮೇಲೆ ಬಾನೆಟ್ ಮುಚ್ಚಿದ್ದೇ ಕಡಿಮೆ, ಕಾರು ನಿಲ್ಲದೆ ಊರು ಮುಟ್ಟಿದ್ದು ಇನ್ನೂ ಕಡಿಮೆ. ಈ ಎರಡಕ್ಕೂ ಸಂಬಂಧವಿದೆ ಎಂದು ಮನೆಮಂದಿಯ ವಾದ. ನಾನು ವಿಜ್ಞಾನದವನು. ಎರಡು ಸಂಗತಿಗಳು ಒಟ್ಟಿಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎನ್ನಲು ಬರುವುದಿಲ್ಲ.

ತರಗತಿಯಲ್ಲಿ ನಾಲ್ಕು ಹೊಡೆತದ ಎಂಜಿನ್ ಪಾಠ ಮಾಡುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಹೀರು, ಅದುಮು, ಸಿಡಿ, ಉಗುಳು: ಈ ನಾಲ್ಕು ಮಾತಿನಲ್ಲಿ ಪಿಸ್ಟನ್ನಿನ ಇಡೀ ಜೀವನಚರಿತ್ರೆ ಮುಗಿಸುತ್ತೇನೆ. ಬಣ್ಣದ ಸೀಮೆಸುಣ್ಣದ ಚಿತ್ರ ಬೇರೆ. ಪಾಠ ಮುಗಿದ ಸಂಜೆಯೇ ಶಾಲೆಯ ಮೈದಾನದಲ್ಲಿ ಕಾರು ಸ್ಟಾರ್ಟ್ ಆಗದೆ ಹತ್ತನೇ ತರಗತಿಯ ಹುಡುಗರು ತಳ್ಳಲು ಬಂದರು. ಹಿಂದಿನಿಂದ ಒಬ್ಬ ಬಹಳ ವಿನಯದಿಂದ ಕೇಳಿದ: “ಸಾರ್, ಯಾವ ಹೊಡೆತದಾಗೆ ನಿಂತೈತ್ರಿ?”

ನಮ್ಮ ಮೆಕ್ಯಾನಿಕ್ಕೂ ನನ್ನ ಶಿಷ್ಯನೇ. ಪ್ರಿಪರೇಟರಿಯಲ್ಲಿ ನಾನೇ ವಿಜ್ಞಾನದಲ್ಲಿ ಫೇಲ್ ಮಾಡಿದ್ದ ಹುಡುಗ. ಈಗ ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗೊತ್ತಿಕೊಂಡು, ಕಣ್ಣು ಮುಚ್ಚಿ, “ಎರಡ್ನೇದು ಮಿಸ್ಸಾಗ್ತಾ ಐತ್ರಿ ಸಾರ್” ಎನ್ನುತ್ತಾನೆ. ಪ್ಲಗ್ ಬಿಚ್ಚಿದರೆ ಎರಡನೆಯದೇ ಕರ್ರಗೆ ಮಸಿ ಹಿಡಿದಿರುತ್ತದೆ. ಪ್ಲಗ್ಗಿನ ತುದಿ ತಿಳಿಗಂದು ಬಣ್ಣಕ್ಕಿದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಮಸಿಯಿದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಬೆಳ್ಳಗೆ ಸುಣ್ಣವಾಗಿದ್ದರೆ ಗಾಳಿ ಹೆಚ್ಚಾಗಿ ಒಳಗೆ ಬೇಯುತ್ತಿದೆ. ಎಣ್ಣೆ ಜಿಡ್ಡಾಗಿದ್ದರೆ ರಿಂಗು ಸವೆದಿವೆ. ಹೊಗೆಯ ಶಾಸ್ತ್ರವನ್ನೂ ಅವನೇ ನನಗೆ ಹೇಳಿಕೊಟ್ಟದ್ದು. “ಕರಿ ಹೊಗೆ ಬಂದ್ರೆ ಪೆಟ್ರೋಲ್ ಜಾಸ್ತಿ, ನೀಲಿ ಬಂದ್ರೆ ಆಯಿಲ್ ಸುಡ್ತೈತೆ, ಬಿಳಿ ಹೊಗೆ ನಿಲ್ದಂಗೆ ಬಂದ್ರೆ ನೀರು ಒಳಗೆ ಹೋಗೈತೆ.” ಏನೂ ಬರದಿದ್ದರೆ? ಎಂದು ಕೇಳಿದೆ. “ನೀವು ಮುಟ್ಟಿಲ್ಲ ಅಂತ್ರಿ ಸಾರ್.”

ನಾನು ಮುಟ್ಟುವುದು ಮುಖ್ಯವಾಗಿ ಕಾರ್ಬ್ಯುರೇಟರನ್ನು. ಪೆಟ್ರೋಲ್ ಪೂರ್ತಿ ಉರಿಯಲು ಒಂದು ಗ್ರಾಮಿಗೆ 14.7 ಗ್ರಾಂ ಗಾಳಿ ಬೇಕು. ಆ ಅಳತೆಯನ್ನು ಐಡ್ಲಿಂಗಿನಲ್ಲಿ ಕಾಯುವುದು ಮಿಕ್ಸ್ಚರ್ ಸ್ಕ್ರೂ ಎಂಬ ಬೆರಳುದ್ದವೂ ಇಲ್ಲದ ತಿರುಪು. ಇದನ್ನು ನಮ್ಮನೆಯವಳಿಗೆ ವಿವರಿಸಿದೆ. ಅವಳು ರವೆ ಹುರಿಯುತ್ತಾ ಹೇಳಿದಳು: “ಉಪ್ಪಿಟ್ಟೂ ಹಂಗೇ. ಒಂದಕ್ಕೆ ಎರಡೂವರೆ ನೀರು. ಹಾಕಿ ಸುಮ್ನಿರಬೇಕು. ಬೇಯೋ ಹೊತ್ತಿಗೆ ಮುಚ್ಚಳ ತೆಗೆದು ತೆಗೆದು ನೋಡಿದ್ರೆ ಗಂಟಾಗುತ್ತೆ.” ಅಡುಗೆಮನೆಯವರಿಗೆ ಸೂಕ್ಷ್ಮ ಯಂತ್ರಶಾಸ್ತ್ರ ತಿಳಿಯುವುದಿಲ್ಲವೆಂದುಕೊಂಡು ಸ್ಕ್ರೂ ತಿರುಗಿಸಲು ಹೋದೆ.

ತಿರುಪನ್ನು ಕೊನೆಮುಟ್ಟ ಒಳಗೆ ಬಿಟ್ಟು, ಅಲ್ಲಿಂದ ಒಂದೂವರೆ ಎರಡು ಸುತ್ತು ಹಿಂದಕ್ಕೆ ತಂದು, ಎಂಜಿನ್ನಿನ ಸದ್ದು ಸಮವಾಗಿ ಕೇಳುವ ಕಡೆ ನಿಲ್ಲಿಸಬೇಕು. ಸದ್ದು ಯಾವಾಗ ಸಮ ಎನ್ನುವುದೇ ತಕರಾರು. ಕಾಲು ಸುತ್ತು ಆಚೆ ತಿರುಗಿಸಿದರೆ ಇದೇ ಸರಿ ಅನ್ನಿಸುತ್ತದೆ. ಈಚೆ ತಂದರೆ ಇದು ಅದಕ್ಕಿಂತ ಸರಿ. ಭಾನುವಾರ ಬೆಳಗಿನ ಜಾವ ಎದ್ದು ಈ ತಪಸ್ಸಿಗೆ ಕೂತರೆ ಪಕ್ಕದ ಮನೆಯವರು ಕಿಟಕಿ ಮುಚ್ಚುವ ಸದ್ದು ಕೇಳಿಸುತ್ತದೆ, ಅದು ಮಾತ್ರ ಸಮ. ಟ್ಯೂನಿಂಗ್ ಮುಗಿಸಿದ ಕಾರು ಗೇಟಿನವರೆಗೆ ಬೆಣ್ಣೆಯಲ್ಲಿ ಜಾರಿದ ಹಾಗೆ ಹೋಗುತ್ತದೆ. ಗೇಟಿನಾಚೆಯದು ರಸ್ತೆಯ ದೋಷ.

ಒಂದು ಸಲ ಕಾರ್ಬ್ಯುರೇಟರನ್ನೇ ಬಿಚ್ಚಿ ಅಡುಗೆಮನೆ ಕಟ್ಟೆಗೆ ತಂದೆ. ಅಲ್ಲಿ ಬೆಳಕು ಚೆನ್ನಾಗಿದೆ. ಪೆಟ್ರೋಲಿನಲ್ಲಿ ತೊಳೆದು, ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದು, ಬಿಡಿಭಾಗಗಳನ್ನು ಸಾಲಾಗಿ ಜೋಡಿಸಿದೆ. ಅದರಲ್ಲಿ ಜೆಟ್ ಅಂತ ಒಂದಿರುತ್ತದೆ: ಹಿತ್ತಾಳೆಯದು, ಕಡಲೆಬೇಳೆಯಷ್ಟು ಗಾತ್ರ, ನಟ್ಟನಡುವೆ ಕೂದಲು ಹೊಗುವಷ್ಟು ತೂತು. ಪೆಟ್ರೋಲೆಲ್ಲ ಹಾದುಹೋಗಬೇಕಾದದ್ದು ಅದರೊಳಗಿಂದ. ಕಳೆದುಹೋದೀತು ಎಂಬ ಮುಂಜಾಗ್ರತೆಯಿಂದ ಅದನ್ನು ಒಗ್ಗರಣೆ ಡಬ್ಬಿಯ ಒಂದು ಬಟ್ಟಲಲ್ಲಿ ಇಟ್ಟೆ. ಅಮ್ಮನಿಗೆ ಕಣ್ಣು ಮಂಜು. ಆ ಸಂಜೆ ನನ್ನ ಶಿಷ್ಯ ಕಾರ್ಬ್ಯುರೇಟರ್ ಜೋಡಿಸಿಕೊಡಲು ಬಂದವನು ಜೆಟ್ಟಿಗಾಗಿ ಮನೆಯೆಲ್ಲ ಹುಡುಕಿ ಸೋತು ಕೂತ. ಅಮ್ಮ ಅವನಿಗೂ ಒಂದು ತಟ್ಟೆ ಒಗ್ಗರಣೆ ಮಂಡಕ್ಕಿ ಕೊಟ್ಟರು. ಎರಡನೇ ತುತ್ತಿಗೆ ಕಟಕ್ ಅಂತು. ಬಾಯಿಂದ ತೆಗೆದು, ಅಂಗಿಗೆ ಒರೆಸಿ, ಬಲ್ಬಿಗೆ ಹಿಡಿದು ಒಂದು ಕಣ್ಣಲ್ಲಿ ನೋಡಿದ. “ಸಾರ್, ಜೆಟ್ ಭಾಳ ಕ್ಲೀನಾಗೈತ್ರಿ” ಅಂದ. ಕಾರು ಅದಾದ ಮೇಲೆ ಕೆಲವು ದಿನ ಸಾಸಿವೆ ವಾಸನೆಯ ಹೊಗೆ ಬಿಡುತ್ತಿತ್ತು ಎಂದು ನನ್ನ ಮಗಳು ಕಾಲೇಜಿನಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ. ಅದು ಸುಳ್ಳು.

ಆದರೆ ಈ ಕಾರಿನ ನಿಜವಾದ ಕಥೆ ಪೆಟ್ರೋಲಿನದಲ್ಲ, ನೀರಿನದು. ನ್ಯಾಮತಿಯಿಂದ ಜಗಳೂರಿಗೆ ಹೊನ್ನಾಳಿ, ದಾವಣಗೆರೆ ಮೇಲೆ ಹೋದರೆ ನೂರು ಕಿಲೋಮೀಟರ್ ಆಸುಪಾಸು. ದಾವಣಗೆರೆ ಹೊತ್ತಿಗೆ ಟೆಂಪರೇಚರ್ ಮುಳ್ಳು ಕೆಂಪಿಗೆ ಬಂದಿರುತ್ತದೆ. ಎಂಜಿನ್ ಆರುವವರೆಗೆ ಬೆಣ್ಣೆ ದೋಸೆ ತಿನ್ನುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಮುಳ್ಳು ಏರದ ಅಪರೂಪದ ದಿನ ಮಗಳು ಹಿಂದಿನ ಸೀಟಿನಿಂದ, “ಅಪ್ಪಾ, ಇನ್ನೊಂಚೂರು ಜೋರಾಗಿ ಹೊಡಿ” ಎನ್ನುತ್ತಾಳೆ.

ಬಿಸಿ ಏರುವುದಕ್ಕೆ ಹಲವು ಕಾರಣ. ರೇಡಿಯೇಟರಿನ ಕರೆಂಟ್ ಫ್ಯಾನ್ ನೀರು ಬಿಸಿಯಾದಾಗ ತಾನೇ ತಿರುಗಬೇಕು. ನಮ್ಮದರ ಥರ್ಮೋ ಸ್ವಿಚ್ ಸತ್ತುಹೋಗಿ ಫ್ಯಾನನ್ನು ಡೈರೆಕ್ಟ್ ಮಾಡಿಸಿ ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಮನೆಸ್ವಿಚ್ ಕೂರಿಸಿದೆವು. ಅದರ ಉಸ್ತುವಾರಿ ನಮ್ಮನೆಯವಳದು. ಎಲ್ಲೋ ದಾರಿಬದಿಯ ಒಬ್ಬ ಪುಣ್ಯಾತ್ಮ ಥರ್ಮೋಸ್ಟಾಟನ್ನು ಕಿತ್ತು ಕೈಗೆ ಕೊಟ್ಟು, “ನಮ್ಮ ಬಿಸಿಲಿಗೆ ಇದು ಬೇಕಾಗಲ್ಲ ಬಿಡ್ರಿ” ಎಂದಿದ್ದ. ಮಾತು ತರ್ಕಬದ್ಧ ಅನ್ನಿಸಿ ಐವತ್ತು ರೂಪಾಯಿ ಕೊಟ್ಟೆ. ಥರ್ಮೋಸ್ಟಾಟ್ ಎಂಬ ಬಾಗಿಲು ಎಂಜಿನ್ ಹದಕ್ಕೆ ಕಾಯುವವರೆಗೆ, ಅಂದರೆ ಸುಮಾರು 80 ಡಿಗ್ರಿ ಮುಟ್ಟುವವರೆಗೆ, ನೀರನ್ನು ರೇಡಿಯೇಟರಿಗೆ ಬಿಡುವುದಿಲ್ಲ. ಅದಿಲ್ಲದಿದ್ದರೆ ಚಳಿಗಾಲದ ಬೆಳಗುಗಳಲ್ಲಿ ಎಂಜಿನ್ ಬಿಸಿಯೇ ಆಗದೆ ಪೆಟ್ರೋಲ್ ಕುಡಿಯುತ್ತದೆ, ಬೇಗ ಸವೆಯುತ್ತದೆ. ನಮ್ಮ ಕಾರು ಕಾರ್ತೀಕದಲ್ಲಿ ನಡುಗುತ್ತಿತ್ತು, ಚೈತ್ರದಲ್ಲಿ ಕುದಿಯುತ್ತಿತ್ತು. ಶಿಷ್ಯ ಬಂದು ಹೊಸದು ಹಾಕಿದ. ಹಳೆಯದನ್ನು ಮಗಳು ವಿಜ್ಞಾನ ಮಾದರಿಗೆ ಒಯ್ದು ಬಹುಮಾನ ತಂದಳು.

ದೊಡ್ಡ ಕಾರಣ ಮಾತ್ರ ಬೇರೆ. ಜಗಳೂರಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ, ಲವಣ ಇದೆ, ಕುಡಿದವರ ಹಲ್ಲು ಮೂಳೆಗಳೇ ಅದಕ್ಕೆ ಸಾಕ್ಷಿ. ಪ್ರತಿ ಸಲ ಅಲ್ಲಿ ಮುಟ್ಟಿದ ಕೂಡಲೇ ಬಾಯಾರಿದ ರೇಡಿಯೇಟರಿಗೆ ಅದೇ ನೀರು ಹೊಯ್ದೆ. ಲವಣವೆಲ್ಲ ಸಣ್ಣ ಕೊಳವೆಗಳ ಒಳಗೋಡೆಗೆ ಬಿಳಿ ಗಾರೆ ಕಟ್ಟಿತು. ಶಿಷ್ಯ ರೇಡಿಯೇಟರ್ ಕಳಚಿ, ಮೇಲಿನ ಟ್ಯಾಂಕ್ ಬಿಚ್ಚಿ, ಕೊಳವೆಗಳಿಗೆ ಉದ್ದನೆಯ ತಗಡಿನ ಪಟ್ಟಿ ತೂರಿಸಿ ಕೆರೆಯುತ್ತಾ ಕೂತಾಗ ಉದುರಿದ ಪುಡಿಯನ್ನು ಕಂಡು ಅಮ್ಮ, ಗುಡ್ಡೆ ಮಾಡಿಟ್ಟರೆ ಗೋಡೆಗೆ ಬಳಿಯಬಹುದು ಎಂದರು. ಕೂಲೆಂಟ್ ಹಾಕಿ, ಅದಕ್ಕೆ ಬೆರೆಸಲು ಡಿಸ್ಟಿಲ್ಡ್ ವಾಟರ್ ಇಟ್ಟುಕೊಳ್ಳಿ ಎಂದು ಅವನು ಹಸಿರು ಡಬ್ಬಿ ಕೊಟ್ಟ. ಕೂಲೆಂಟಿಗೆ ಕುದಿಯುವ ಬಿಂದು ಹೆಚ್ಚು, ತುಕ್ಕು ಹಿಡಿಯಗೊಡುವುದಿಲ್ಲ. ಆದರೆ ದಾರಿಯಲ್ಲಿ ಮುಗಿದರೆ ಏನು ಮಾಡುವುದು? ಸಿಕ್ಕಿದ್ದನ್ನು ಹೊಯ್ಯುವುದು. ಹೀಗೆ ನಮ್ಮ ಕಾರು ಹೊನ್ನಾಳಿಯಲ್ಲಿ ತುಂಗಭದ್ರೆಯ ನೀರು ಕುಡಿದಿದೆ. ಬೆಳಗುತ್ತಿಯ ಹತ್ತಿರ ತೀರ್ಥರಾಮೇಶ್ವರದ ಗುಡ್ಡ ಹತ್ತಿ, ಉಸಿರು ಕಟ್ಟಿ ನಿಂತು, ದೇವರ ತೀರ್ಥವನ್ನೂ ಕುಡಿದಿದೆ. ಸೂಳೆಕೆರೆಯ ಏರಿಯ ಹತ್ತಿರ ಕುದಿದು ನಿಂತಾಗ, ಏಷ್ಯಾದಲ್ಲೇ ಎರಡನೇ ದೊಡ್ಡದು ಎಂದು ನಾವು ಎದೆಯುಬ್ಬಿಸಿ ಹೇಳಿಕೊಳ್ಳುವ ಆ ಕೆರೆಯ ನೀರನ್ನು ಮಗಳು ಊಟದ ಡಬ್ಬಿಯಲ್ಲಿ ಹೊತ್ತು ತಂದು ಹೊಯ್ದಳು. ಚಿತ್ರಾನ್ನದ ಕಡಲೆಬೀಜವೊಂದು ಒಳಗೆ ಹೋಯಿತು. ಅದು ಇನ್ನೂ ಹೊರಗೆ ಬಂದಿಲ್ಲ.

ಮುಳ್ಳು ಕೆಂಪಿಗೆ ಬಂದಾಗ ಕಾರಿನ ಹೀಟರ್ ಹಾಕಬೇಕು. ಇದು ಹಳೇ ಡ್ರೈವರುಗಳ ವಿದ್ಯೆ, ವೈಜ್ಞಾನಿಕವಾಗಿಯೂ ಸರಿ. ಹೀಟರು ಎಂಜಿನ್ನಿನ ಬಿಸಿನೀರನ್ನೇ ಎಳೆದುಕೊಂಡು ಕಾರಿನೊಳಗೆ ಬಿಸಿಗಾಳಿ ಊದುತ್ತದೆ. ಎಂಜಿನ್ನಿಗೆ ಅಷ್ಟು ಹೊರೆ ಇಳಿಯುತ್ತದೆ. ಏಪ್ರಿಲ್ ತಿಂಗಳು, ಮಧ್ಯಾಹ್ನ, ಜಗಳೂರು ರಸ್ತೆ, ಎರಡೂ ಬದಿ ಕಾದ ಹೊಲ. ಹೀಟರ್ ಹಾಕಿದೆ. ಅತ್ತೆಯ ತಮ್ಮನ ಮಗನ ಮದುವೆಗೆಂದು ನಮ್ಮನೆಯವಳು ಇಳಕಲ್ ಸೀರೆ ಉಟ್ಟು, ತಲೆ ತುಂಬ ಮಲ್ಲಿಗೆ ಮುಡಿದು ಕೂತಿದ್ದಳು. ಛತ್ರ ಮುಟ್ಟಿದಾಗ ಮಲ್ಲಿಗೆ ಕಂದಿ ಕಪ್ಪಾಗಿತ್ತು, ಅವಳ ಮುಖ ಕೆಂಪಾಗಿತ್ತು, ಎಂಜಿನ್ನಿನ ಮುಳ್ಳು ಮಾತ್ರ ತಂಪಾಗಿ ನಡುವೆ ನಿಂತಿತ್ತು. “ನೋಡಿದ್ಯಾ?” ಅಂದೆ. ಆ ಮದುವೆಯ ಯಾವ ಫೋಟೋದಲ್ಲೂ ನಾವಿಬ್ಬರೂ ಅಕ್ಕಪಕ್ಕ ನಿಂತಿಲ್ಲ.

ಮಾವನವರಿಗೆ ನನ್ನ ಬಗ್ಗೆ ಗೌರವ ಇದೆ, ಕಾರಿನ ಬಗ್ಗೆ ಇಲ್ಲ. ಜಗಳೂರಿನ ರಂಗಯ್ಯನದುರ್ಗದ ಕಾಡಿನಲ್ಲಿ ಕೊಂಡುಕುರಿ ಎಂಬ ನಾಲ್ಕು ಕೊಂಬಿನ ಹುಲ್ಲೆಯಿದೆ, ಅದಕ್ಕೆಂದೇ 2011ರಲ್ಲಿ ಅಭಯಾರಣ್ಯ ಮಾಡಿದ್ದಾರೆ. “ಕೊಂಡುಕುರಿಯಾದ್ರೂ ಒಮ್ಮೊಮ್ಮೆ ಕಣ್ಣಿಗೆ ಬೀಳ್ತಾವೆ. ನಮ್ಮ ಅಳಿಯಂದ್ರು ಹೊತ್ತಿಗೆ ಸರಿಯಾಗಿ ಬಂದಿದ್ದನ್ನ ನೋಡಿದವ್ರಿಲ್ಲ” ಎಂದು ನೆಂಟರೆದುರಿಗೆ ಹೇಳುತ್ತಾರೆ. ಜಗಳೂರಿನ 57 ಕೆರೆಗಳಿಗೆ ತುಂಗಭದ್ರೆಯ ನೀರನ್ನು ಪೈಪಿನಲ್ಲಿ ಎತ್ತಿ ತುಂಬಿಸುವ ಯೋಜನೆ ಬಂದಾಗ ಅವರು ಫೋನ್ ಮಾಡಿ ಕೇಳಿದರು: “ಅಳಿಯಂದ್ರೆ, ಇಷ್ಟು ದೂರ ಕೆರೆಗೇ ಹೊಳೆ ನೀರು ಬರ್ತೈತಂತೆ. ನಿಮ್ಮ ರೇಡಿಯೇಟರ್ ಹೆಸ್ರು ಪಟ್ಟೀಲಿ ಸೇರ್ಸಾಕೆ ಬರ್ತೈತಾ ನೋಡ್ರಲ?”

ಕುದಿದು ಕುದಿದು ಕೊನೆಗೆ ಹೆಡ್ ಗ್ಯಾಸ್ಕೆಟ್ ಹೋಯಿತು. ಬ್ಲಾಕಿನ ಮೇಲೆ ಅಲ್ಯೂಮಿನಿಯಂ ಹೆಡ್ ಕೂರುತ್ತದಲ್ಲ, ಅವೆರಡರ ನಡುವಿನ ಹಾಳೆಯಂಥ ವಸ್ತು ಅದು. ಮಿತಿಮೀರಿ ಕಾದರೆ ಹೆಡ್ ಬಾಗುತ್ತದೆ, ಗ್ಯಾಸ್ಕೆಟ್ ಸುಡುತ್ತದೆ, ನೀರು ಆಯಿಲ್ ಒಂದಾಗುತ್ತವೆ. ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಹಾಲು ಬೆರೆತ ಬಣ್ಣಕ್ಕೆ ತಿರುಗಿತ್ತು, ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಿತ್ತು. ಹೆಡ್ಡನ್ನು ದಾವಣಗೆರೆಗೆ ಒಯ್ದು ಫೇಸಿಂಗ್ ಮಾಡಿಸಬೇಕಾಯಿತು. ನಾನು ಸಡಗರದಿಂದ ಮನೆಗೆ ಬಂದು, “ಗ್ಯಾಸ್ಕೆಟ್ ಹೋಗಿದೆ ಕಣೇ, ನಾಳೆನೇ ಹೊಸದು ತರ್ತೀನಿ” ಅಂದೆ. ಅವಳ ಕಣ್ಣು ಅರಳಿತು. ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾಗಿದೆ ಎಂದು ಸಂಕ್ರಾಂತಿಯಿಂದ ಹೇಳುತ್ತಿದ್ದಳು. ಮರುದಿನ ನಾನು ತಂದದ್ದನ್ನು ಬಿಚ್ಚಿ ನೋಡಿದಳು. ಮೂರು ದೊಡ್ಡ ತೂತು, ಸುತ್ತ ಸಣ್ಣ ತೂತು. ಏನೂ ಅನ್ನಲಿಲ್ಲ. ಅವತ್ತು ರಾತ್ರಿ ಬೇಯದ ಬೇಳೆಯ ಸಾರು.

ಚನ್ನಗಿರಿಯ ತಂಗಿಯ ಗಂಡನಿಗೆ ಈ ಯಾವ ತಾಪತ್ರಯವೂ ಇಲ್ಲ. ಅಡಿಕೆಗೆ ರೇಟು ಬಂದ ವರ್ಷ ತುಮ್ಕೋಸ್ ಸಹಕಾರ ಸಂಘಕ್ಕೆ ಅಡಿಕೆ ಹಾಕಿ ಬಿಎಸ್-6 ಡೀಸೆಲ್ ದೊಡ್ಡ ಗಾಡಿ ತಂದ. ಬಾನೆಟ್ ತೆಗೆಯುವ ಲಿವರ್ ಎಲ್ಲಿದೆ ಅಂತ ಅವನಿಗೆ ಇವತ್ತಿಗೂ ಗೊತ್ತಿಲ್ಲ. “ಭಾವ, ಈಗೆಲ್ಲ ಸೆನ್ಸರ್, ಲ್ಯಾಪ್‌ಟಾಪ್ ಹಾಕಿದ್ರೆ ರೋಗ ಅದೇ ಹೇಳುತ್ತೆ. ಟ್ಯೂನಿಂಗ್ ಗೀನಿಂಗ್ ಏನೂ ಇಲ್ಲ” ಎನ್ನುತ್ತಿದ್ದ. ನನಗೆ ಆ ಗಾಡಿಯ ಮೇಲೆ ಕನಿಕರ ಬರುತ್ತಿತ್ತು. ಆಮೇಲೆ ಅದರ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿತು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಡಿಪಿಎಫ್ ಎಂಬ ಜರಡಿ ಇರುತ್ತದೆ. ಮಸಿಯನ್ನು ಹಿಡಿದಿಟ್ಟು, ಎಂಜಿನ್ ಚೆನ್ನಾಗಿ ಕಾದಾಗ ಅದನ್ನು ಸುಟ್ಟುಹಾಕುತ್ತದೆ. ಮನೆಯಿಂದ ತೋಟಕ್ಕೆ, ತೋಟದಿಂದ ಮನೆಗೆ ಓಡಾಡುವ ಗಾಡಿ ಅಷ್ಟು ಕಾಯುವುದೇ ಇಲ್ಲ, ಜರಡಿ ಕಟ್ಟುತ್ತದೆ. ಆಗಾಗ ನಿಲ್ಲಿಸದೆ ಒಂದೇ ವೇಗದಲ್ಲಿ ದೂರ ಹೊಡೆಯಿರಿ ಎಂಬುದು ಶೋರೂಮಿನವರ ಔಷಧಿ. ಅಂದಿನಿಂದ ಅವನು ತಿಂಗಳಿಗೊಮ್ಮೆ ತಂಗಿಯನ್ನು ಕೂರಿಸಿಕೊಂಡು ನ್ಯಾಮತಿಗೆ ಬರುತ್ತಾನೆ. ಅಳಿಯನಿಗೆ ನಮ್ಮ ಮೇಲೆ ಎಷ್ಟು ಪ್ರೀತಿ ಎಂದು ಅಮ್ಮ ಕಣ್ಣೊರೆಸಿಕೊಂಡು ಹೋಳಿಗೆ ಮಾಡುತ್ತಾರೆ. ಮಸಿ ಸುಡಲು ಬರುವುದು ಎಂದು ನನಗೊಬ್ಬನಿಗೇ ಗೊತ್ತು. ಹೋಳಿಗೆಯ ಆಸೆಗೆ ನಾನೂ ಬಾಯಿಬಿಟ್ಟಿಲ್ಲ.

ಈಚೆಗೆ ಪೆಟ್ರೋಲೂ ನಮ್ಮ ಊರಿನದೇ ಆಗುತ್ತಿದೆ. 2025ರಲ್ಲಿ ಪೆಟ್ರೋಲಿಗೆ ಶೇಕಡಾ 20 ಎಥನಾಲ್ ಬೆರೆಸುವ ಗುರಿ ಮುಟ್ಟಿದೆವು ಎಂದು ಸರ್ಕಾರ ಸಾರಿತು. ಎಥನಾಲ್ ಬರುವುದು ಕಬ್ಬಿನಿಂದ, ಅಕ್ಕಿಯಿಂದ, ಈಗೀಗ ಎಲ್ಲಕ್ಕಿಂತ ಹೆಚ್ಚಾಗಿ ಮೆಕ್ಕೆಜೋಳದಿಂದ. ದಾವಣಗೆರೆ ಜಿಲ್ಲೆಯೇ ಮೆಕ್ಕೆಜೋಳದ ಸೀಮೆ. ನಮ್ಮ ಮಾವನವರೂ ಬೆಳೆಯುತ್ತಾರೆ. ಎಥನಾಲಿಗೆ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ ಕಸುವು, ನೀರನ್ನು ಬೇಗ ಹೀರಿಕೊಳ್ಳುತ್ತದೆ, ಹಳೇ ಗಾಡಿಯ ರಬ್ಬರ್ ಪೈಪುಗಳಿಗೆ ಆಗಿಬರುವುದಿಲ್ಲ. ಕಾರ್ಬ್ಯುರೇಟರಿಗೆ ಸೆನ್ಸರ್ ಇಲ್ಲ, ಬದಲಾದದ್ದು ತಿಳಿಯುವುದಿಲ್ಲ. ಎಂಜಿನ್ನಿಗೆ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು ಎಂಬಂತಾಗುತ್ತದೆ. ಮತ್ತೆ ಟ್ಯೂನಿಂಗ್ ಮಾಡಲು ನನಗೊಂದು ಶಾಸ್ತ್ರೀಯ ಕಾರಣ ಸಿಕ್ಕಿತು. ಪೈಪು ಬದಲಿಸುತ್ತಾ ಈ ಸಂಕಟವನ್ನು ಮಾವನವರಿಗೆ ತೋಡಿಕೊಂಡೆ. ಕ್ವಿಂಟಾಲಿಗೆ 2,400 ರೂಪಾಯಿ ಬೆಂಬಲ ಬೆಲೆ ಕಾಗದದ ಮೇಲಿದ್ದೂ ಮಾರುಕಟ್ಟೆಯಲ್ಲಿ ಸಿಗದೆ ರೈತರು ಬೀದಿಗಿಳಿದಿದ್ದ ವರ್ಷ ಅದು. “ನಾನು ಬೆಳೆದಿದ್ದು ನಿಮ್ಮ ಕಾರಿಗೆ ಅರಗ್ತಿಲ್ಲ, ನನಗೆ ದುಡ್ಡೂ ಆಗ್ತಿಲ್ಲ. ಹಂಗಾದ್ರೆ ಉಣ್ಣೋರು ಯಾರ್ರೀ?” ಅಂದರು. ನನ್ನ ಬಳಿ ಉತ್ತರವಿರಲಿಲ್ಲ. ಅವರ ಪ್ರಶ್ನೆ ಕಾರಿನದಾಗಿರಲಿಲ್ಲ.

ಈ ವರ್ಷ ಆರ್‌ಸಿ ನವೀಕರಣ ಬಂತು. ಹದಿನೈದು ವರ್ಷದ ಮೇಲೆ ಐದೈದು ವರ್ಷಕ್ಕೊಮ್ಮೆ ಇದು ಇದ್ದದ್ದೇ. ಆದರೆ 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರುಗಳ ಶುಲ್ಕವನ್ನು 5,000ದಿಂದ 10,000 ರೂಪಾಯಿಗೆ ಏರಿಸಿದ್ದಾರೆ. ಗುಜರಿಗೆ ಹಾಕಿ ಎಂದು ತಂಗಿಯ ಗಂಡ. ತಿಪ್ಪೆಗೆ ನೆರಳಾಗುತ್ತೆ, ಹಿತ್ತಲಲ್ಲಿ ನಿಲ್ಲಿಸು ಎಂದು ಅಮ್ಮ. ಮಾರಿಬಿಡುವುದೇ ಸರಿ ಎಂದು ಶಿಷ್ಯ ಹೇಳಿ, ತನ್ನ ಹೊಟ್ಟೆಪಾಡು ನೆನಪಾಗಿ ಸುಮ್ಮನಾದ. ನಾನು ತಲೆತಗ್ಗಿಸಿ ಕೂತಿದ್ದೆ. ನಮ್ಮನೆಯವಳು ಒಳಗೆ ಹೋಗಿ ಗೋಧಿ ಡಬ್ಬಿಯಿಂದ ಹತ್ತು ಸಾವಿರ ತಂದು ಎಣಿಸಿ ನನ್ನ ಮುಂದಿಟ್ಟಳು. ನನ್ನ ಕಣ್ಣು ತೇವವಾಯಿತು. “ಅಷ್ಟೊಂದು ಅಭಿಮಾನವೇನೇ ನಿನಗೆ ಅದರ ಮೇಲೆ?” ಅಂದೆ.

“ಅಭಿಮಾನ ಅಲ್ರೀ. ಅದು ಹೋದ್ರೆ ನೀವು ನನ್ನ ಮಿಕ್ಸಿ ಬಿಚ್ತೀರಿ.”

ಆರ್‌ಸಿ ಈಗ 2031ರವರೆಗೆ ಇದೆ. ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಹೊನ್ನಾಳಿ ರಸ್ತೆಯಲ್ಲೋ ಜಗಳೂರು ರಸ್ತೆಯಲ್ಲೋ ಬಾನೆಟ್ ಎತ್ತಿ ನಿಂತ ಬಿಳಿ ಕಾರೊಂದು, ಪಕ್ಕದಲ್ಲಿ ಸ್ಕ್ರೂಡ್ರೈವರ್ ಹಿಡಿದವನೊಬ್ಬ ಕಂಡರೆ ದಯವಿಟ್ಟು ಗಾಡಿ ನಿಲ್ಲಿಸಿ ಸಲಹೆ ಕೊಡಬೇಡಿ, ಸಲಹೆ ನಮ್ಮಲ್ಲಿ ಸಾಕಷ್ಟಿದೆ. ಡಿಕ್ಕಿಯಲ್ಲಿ ಹೊಳೆ ನೀರಿದ್ದವರು ಮಾತ್ರ ನಿಲ್ಲಿಸಿ. ಬೋರಿನ ನೀರು ಬೇಡ.